ದೋಷವಿಲ್ಲದೆ ಮುಗಿದ ಆಮದು: ಒಂದು ಗ್ರಂಥಾಲಯದ ಡೇಟಾಬೇಸ್ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಟ್ರಸ್ಟ್ ನಡೆಸುವ ಗ್ರಂಥಾಲಯ ಇದು. ಪುಸ್ತಕಗಳ ಪಟ್ಟಿ, ಸದಸ್ಯರ ವಿವರ, ಎರವಲಿನ ಲೆಕ್ಕ ಎಲ್ಲವೂ ಬಹಳ ವರ್ಷಗಳಿಂದ ಪಿಎಚ್‌ಪಿ ಭಾಷೆಯಲ್ಲಿ ಬರೆದ ಒಂದು ಸಣ್ಣ ತಂತ್ರಾಂಶದಲ್ಲಿದ್ದವು. ಅದರ ಬೆನ್ನಿಗೆ ಮಾಹಿತಿಯನ್ನು ಇಟ್ಟುಕೊಳ್ಳುವ ಡೇಟಾಬೇಸ್ ಸರ್ವರ್, ಮೈಎಸ್‌ಕ್ಯೂಎಲ್ 5.5. ಆ ಆವೃತ್ತಿಗೆ ಕಂಪನಿಯ ಬೆಂಬಲ 2018ರ ಡಿಸೆಂಬರಿನಲ್ಲೇ ಮುಗಿದಿತ್ತು. ಹಳೆಯ ಸರ್ವರನ್ನು ಮುಚ್ಚುತ್ತೇವೆ ಎಂದು ಹೋಸ್ಟಿಂಗ್ ಸಂಸ್ಥೆಯಿಂದ ನೋಟಿಸ್ ಬಂತು. ಕೇಳಿಕೊಂಡ ಮೇಲೆ ಒಂದು ಬ್ಯಾಕಪ್ ಕಡತವೂ ಬಂತು. ಹೊಸ ಸರ್ವರಿನಲ್ಲಿದ್ದದ್ದು ಮೈಎಸ್‌ಕ್ಯೂಎಲ್ 8.0. ಹಳೆಯ ಕೋಡ್ ನೆಚ್ಚಿಕೊಂಡಿದ್ದ ಡೇಟಾಬೇಸ್ ವಿಸ್ತರಣೆಯನ್ನು 2015ರಲ್ಲಿ ಬಂದ ಪಿಎಚ್‌ಪಿ 7 ಕಿತ್ತುಹಾಕಿದ್ದರಿಂದ, ತಂತ್ರಾಂಶದ ಆ ಭಾಗವನ್ನು ಮೊದಲೇ ಹೊಸದಾಗಿ ಬರೆದಾಗಿತ್ತು. ಉಳಿದದ್ದು ಕಡತವನ್ನು ಆಮದು ಮಾಡುವುದೊಂದೇ, ಒಂದು ಸಂಜೆಯ ಕೆಲಸ ಎಂಬುದು ಟ್ರಸ್ಟಿನವರ ಅಂದಾಜಾಗಿತ್ತು.

ಆಮದು ನಿಜಕ್ಕೂ ಒಂದೇ ಸಂಜೆಯಲ್ಲಿ ಮುಗಿಯಿತು. ಈ ಬರಹದ ಹೆಚ್ಚಿನ ಪಾಲು ಅದರ ನಂತರದ್ದು.

ಮೈಎಸ್‌ಕ್ಯೂಎಲ್‌ನ ಬ್ಯಾಕಪ್ ಸಾಧನವಾದ ಮೈಎಸ್‌ಕ್ಯೂಎಲ್‌ಡಂಪ್ ಕೊಡುವ ಕಡತವನ್ನು (ಅದಕ್ಕೆ ಡಂಪ್ ಎನ್ನುತ್ತಾರೆ) ‘ಡೇಟಾ’ ಎಂದು ಕರೆಯುವ ರೂಢಿಯಿದೆ. ಅದು ಉಪ್ಪಿನಕಾಯಿಯ ಭರಣಿಯಲ್ಲ, ಉಪ್ಪಿನಕಾಯಿ ಹಾಕುವ ಕ್ರಮ ಬರೆದ ಚೀಟಿ. ಈ ಹೆಸರಿನ ಟೇಬಲ್ ಇದ್ದರೆ ಅಳಿಸು, ಹೊಸದಾಗಿ ಕಟ್ಟು, ಈ ಸಾಲುಗಳನ್ನು ಸೇರಿಸು ಎಂಬ ಆಜ್ಞೆಗಳ ಸರಣಿ ಅದರಲ್ಲಿರುತ್ತದೆ. ಅವನ್ನು ಪಾಲಿಸುವುದು ಹೊಸ ಸರ್ವರ್, ಅದೂ ತನ್ನ ಕಾಲದ ನಿಯಮಗಳ ಪ್ರಕಾರ. ಆದ್ದರಿಂದ ಓಡಿಸುವ ಮೊದಲು ಕಡತದ ತಲೆ ಮತ್ತು ಬಾಲವನ್ನು ಓದಿಕೊಳ್ಳಬೇಕು. ಬಾಲದಲ್ಲಿ ಡಂಪ್ ಪೂರ್ಣಗೊಂಡಿತು ಎಂದು ಹೇಳುವ, ದಿನಾಂಕ ಸಹಿತವಾದ ಟಿಪ್ಪಣಿ ಸಾಲು ಇತ್ತು. ಅಂದರೆ ಕಡತ ನಡುವೆ ತುಂಡಾಗಿರಲಿಲ್ಲ. ತಲೆಯಲ್ಲಿ ಒಂದು ‘ಯೂಸ್’ ಆಜ್ಞೆ ಸಿಕ್ಕಿತು. ಡೇಟಾಬೇಸಿನ ಹೆಸರನ್ನೂ ಸೇರಿಸಿ ಡಂಪ್ ತೆಗೆದಾಗ ಈ ಆಜ್ಞೆ ಬರುತ್ತದೆ. ಅದಿದ್ದರೆ ನೀವು ಆಮದಿನ ಹೊತ್ತಿನಲ್ಲಿ ‘ಪರೀಕ್ಷೆ’ ಎಂಬ ಬೇರೆ ಡೇಟಾಬೇಸನ್ನು ತೋರಿಸಿದರೂ ಸರ್ವರ್ ಹಳೆಯ ಹೆಸರಿನದಕ್ಕೇ ಹೋಗಿ, ಅಲ್ಲಿರುವ ಟೇಬಲ್‌ಗಳನ್ನು ಅಳಿಸಿ ಬರೆಯುತ್ತದೆ. ಆ ಸಾಲನ್ನು ತೆಗೆದ ನಂತರವೇ ಕಡತವನ್ನು ಪ್ರಾಯೋಗಿಕ ಡೇಟಾಬೇಸಿಗೆ ಬಿಡಲಾಯಿತು.

ಗದ್ದಲ ಮಾಡುವ ದೋಷಗಳು ಬೇಗ ಮುಗಿದವು. ಬ್ರೌಸರಿನಿಂದ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್ ಮೂಲಕ ಏರಿಸಲು ಹೋದರೆ ಕಡತವನ್ನು ಅದು ತೆಗೆದುಕೊಳ್ಳಲಿಲ್ಲ. ಪಿಎಚ್‌ಪಿಯ ಮೂಲ ಸಂಯೋಜನೆಯಲ್ಲಿ ಏರಿಸುವ ಕಡತದ ಮಿತಿ 2 ಎಂಬಿ ಮಾತ್ರ. ಮಿತಿ ಹೆಚ್ಚಿಸುತ್ತಾ ಕೂರುವುದಕ್ಕಿಂತ ಕಮಾಂಡ್ ಸಾಲಿನಿಂದ ಆಮದು ಮಾಡುವುದೇ ಲೇಸು. ದೋಷ ಬಂದರೆ ಎಷ್ಟನೆಯ ಸಾಲಿನಲ್ಲಿ ಎಂದು ಅಲ್ಲಿ ನೇರವಾಗಿ ತಿಳಿಯುತ್ತದೆ. ಹಾಗೆ ಓಡಿಸಿದಾಗ ಕೊನೆಯ ಹಂತದಲ್ಲಿ 1227ನೇ ದೋಷ ಬಂತು. ಅವಧಿ ಮೀರಿದ ಎರವಲುಗಳನ್ನು ತೋರಿಸುವ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಪ್ರಶ್ನೆ) ಹಳೆಯ ಸರ್ವರಿನ ಬಳಕೆದಾರನ ಹೆಸರಿನಲ್ಲಿ ನೋಂದಣಿಯಾಗಿತ್ತು. ಇನ್ನೊಬ್ಬರ ಹೆಸರಿನಲ್ಲಿ ವ್ಯೂ ಕಟ್ಟಲು ಹೊಸ ಸರ್ವರಿನಲ್ಲಿ ವಿಶೇಷ ಅಧಿಕಾರ ಬೇಕು. ಕಡತದಲ್ಲಿ ‘ಡಿಫೈನರ್’ ಎಂದಿದ್ದ ತುಣುಕನ್ನು ತೆಗೆದು ಮತ್ತೆ ಓಡಿಸಿದರೆ ಯಾವ ದೂರೂ ಇಲ್ಲದೆ ಆಮದು ಮುಗಿಯಿತು.

ಟೇಬಲ್‌ಗಳಲ್ಲಿರುವ ಸಾಲುಗಳನ್ನು ಎಣಿಸಿ ಹಳೆಯ ಸರ್ವರಿನ ಲೆಕ್ಕದೊಂದಿಗೆ ಹೋಲಿಸಲಾಯಿತು. ಒಂದು ಮಾತು: ಈ ಎಣಿಕೆಯನ್ನು ‘ಕೌಂಟ್’ ಆಜ್ಞೆಯಿಂದಲೇ ಮಾಡಬೇಕು. ಸರ್ವರ್ ತನ್ನ ಟೇಬಲ್‌ಗಳ ವಿವರ ಇಡುವ ಮಾಹಿತಿ ಸ್ಕೀಮಾದಲ್ಲಿ ಕಾಣುವ ಸಾಲುಗಳ ಸಂಖ್ಯೆ, ಇನ್ನೋಡಿಬಿ ಎಂಬ ಸಂಗ್ರಹ ಬಗೆಯ ಟೇಬಲ್‌ಗಳ ಮಟ್ಟಿಗೆ ಬರೀ ಅಂದಾಜು. ಇಲ್ಲಿ ಎಣಿಕೆ ತಾಳೆಯಾಯಿತು. ಆಮೇಲೆ ಹೊಸ ತಂತ್ರಾಂಶದ ಪರದೆ ತೆರೆದರೆ, ಪುಸ್ತಕಗಳ ಹೆಸರಿರಬೇಕಾದ ಕಡೆಯಲ್ಲೆಲ್ಲ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಎ, ಅದರ ಪಕ್ಕ ಎತ್ತರದಲ್ಲಿ ಒಂದು ಪುಟ್ಟ 2, ನಂತರ ಒಂದು ದಪ್ಪ ಚುಕ್ಕೆ, ಹೀಗೆ ಸಾಲುಸಾಲು.

ಗ್ರಂಥಪಾಲಕಿ ಕೇಳಿದ್ದು ಸರಿಯಾದ ಪ್ರಶ್ನೆ: “ಹಳೆಯದರಲ್ಲಿ ಇದೆಲ್ಲ ಸರಿಯಾಗಿಯೇ ಕಾಣುತ್ತಿತ್ತಲ್ಲ, ಸರ್?”

ಕಾಣುತ್ತಿತ್ತು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತಿದ್ದ ಕಾರಣ ಕಾಣುತ್ತಿತ್ತು. ಮೈಎಸ್‌ಕ್ಯೂಎಲ್ 5.7ರವರೆಗೂ, ಬೇರೇನನ್ನೂ ಹೇಳದಿದ್ದರೆ, ಟೇಬಲ್‌ಗೆ ಸಿಗುತ್ತಿದ್ದ ಅಕ್ಷರ ಸಂಕೇತ ಲ್ಯಾಟಿನ್1 (ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ, ಅಕ್ಷರಕ್ಕೆ ಒಂದೇ ಬೈಟ್ ಕೊಡುವ ಸಂಕೇತ), ಹೋಲಿಕೆಯ ನಿಯಮ ಸ್ವೀಡಿಶ್. ಅದನ್ನು ಕಟ್ಟಿದ ಕಂಪನಿ ಸ್ವೀಡನ್ನಿನದಾದ್ದರಿಂದ ಹಾಗೆ. ನಮ್ಮ ಮಲೆನಾಡಿನ ಗ್ರಂಥಾಲಯದ ಕನ್ನಡ ಪಟ್ಟಿ ಅಷ್ಟೂ ವರ್ಷ ಸ್ವೀಡಿಶ್ ಅಕಾರಾದಿಯಲ್ಲಿ ಜೋಡಣೆಯಾಗುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ! ಹಳೆಯ ತಂತ್ರಾಂಶದ ಪುಟಗಳು ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿದ್ದವು, ಡೇಟಾಬೇಸಿನೊಂದಿಗಿನ ಸಂಪರ್ಕ ಮಾತ್ರ ಲ್ಯಾಟಿನ್1. ‘ಕ’ ಎಂಬ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್, ಹೆಕ್ಸ್ (ಹದಿನಾರರ ಎಣಿಕೆ) ರೂಪದಲ್ಲಿ ಬರೆದರೆ: ಇ0, ಬಿ2, 95. ಸರ್ವರ್ ಅದನ್ನು ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರಗಳೆಂದು ನಂಬಿ ಹಾಗೆಯೇ ಇಟ್ಟುಕೊಂಡಿತು, ಕೇಳಿದಾಗ ಹಾಗೆಯೇ ಹಿಂದಿರುಗಿಸಿತು. ಬ್ರೌಸರ್ ಆ ಮೂರು ಬೈಟ್‌ಗಳನ್ನು ಮತ್ತೆ ‘ಕ’ ಎಂದು ಓದಿಕೊಂಡಿತು. ಹೊಸ ತಂತ್ರಾಂಶ ಯುಟಿಎಫ್8ಎಂಬಿ4ರಲ್ಲಿ (ಪೂರ್ಣ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್ ಕೊಟ್ಟ ಹೆಸರು) ಪ್ರಾಮಾಣಿಕವಾಗಿ ಸಂಪರ್ಕಿಸುತ್ತದೆ. ಆದ್ದರಿಂದ ಸರ್ವರ್ ಕೂಡ ಪ್ರಾಮಾಣಿಕವಾಗಿ ಆ ಮೂರು ಲ್ಯಾಟಿನ್ ಅಕ್ಷರಗಳನ್ನು ಯೂನಿಕೋಡ್‌ಗೆ ತಿರುಗಿಸಿ ಕೊಟ್ಟಿತು.

ಹಾಗಾದರೆ ಆಮದಿನಲ್ಲಿ ಏನು ತಪ್ಪಾಯಿತು? ಏನೂ ಇಲ್ಲ. ಹೆಕ್ಸ್ ರೂಪದಲ್ಲಿ ತೆಗೆದು ನೋಡಿದರೆ ‘ಕನ್ನಡ’ ಎಂಬ ಪದ 15 ಬೈಟ್‌ಗಳಲ್ಲಿ, ಇರಬೇಕಾದ ಹಾಗೆಯೇ ಕುಳಿತಿತ್ತು. ಎರಡು ಸಲ ಸಂಕೇತಿಸಿ ಕೆಟ್ಟಿದ್ದರೆ ಮೊದಲ ‘ಕ’ ಒಂದಕ್ಕೇ 7 ಬೈಟ್ ಆಗುತ್ತಿತ್ತು. ಡಂಪ್ ಮಾಡುವಾಗ ಲ್ಯಾಟಿನ್1ರಿಂದ ಯುಟಿಎಫ್-8ಕ್ಕೆ, ಆಮದಿನಲ್ಲಿ ಅಲ್ಲಿಂದ ಮತ್ತೆ ಲ್ಯಾಟಿನ್1 ಟೇಬಲ್‌ಗೆ, ಹೀಗೆ ಹೋಗಿ ಬಂದು ಬೈಟ್‌ಗಳು ಮೂಲದಲ್ಲಿದ್ದಂತೆಯೇ ಉಳಿದಿದ್ದವು. ಹಳೆಯ ಸುಳ್ಳು ಹೊಸ ಮನೆಗೆ ಚಾಚೂ ತಪ್ಪದೆ ಬಂದಿತ್ತು.

ಇಲ್ಲಿ ಮೂರು ಅಡ್ಡದಾರಿಗಳು ಎದುರಾಗುತ್ತವೆ, ಮೂರನ್ನೂ ಯಾರಾದರೊಬ್ಬರು ಸೂಚಿಸಿಯೇ ತೀರುತ್ತಾರೆ. ಹೊಸ ತಂತ್ರಾಂಶದ ಸಂಪರ್ಕವನ್ನೂ ಲ್ಯಾಟಿನ್1 ಮಾಡಿಬಿಡುವುದು ಎಲ್ಲಕ್ಕಿಂತ ಸುಲಭದ್ದು. ಒಂದು ಸಾಲು ಬದಲಿಸಿದರೆ ಪರದೆಯ ಮೇಲೆ ಕನ್ನಡ ಮರಳುತ್ತದೆ, ಎಲ್ಲರೂ ಊಟಕ್ಕೆ ಹೋಗಬಹುದು. ಆದರೆ ಮುಂದೆ ಸೇರುವ ಪ್ರತಿ ಪುಸ್ತಕವೂ ಅದೇ ಸುಳ್ಳಿನಲ್ಲಿ ಸೇರುತ್ತದೆ, ನಾಳೆ ಬೇರೊಂದು ತಂತ್ರಾಂಶ ಇದೇ ಡೇಟಾಬೇಸನ್ನು ಓದಿದರೆ ಮತ್ತೆ ಅದೇ ರಗಳೆ.

ಎರಡನೆಯದು, ಟೇಬಲನ್ನು ಯುಟಿಎಫ್8ಎಂಬಿ4ಕ್ಕೆ ‘ಕನ್ವರ್ಟ್’ ಮಾಡುವ ಒಂದು ಸಾಲಿನ ಆಜ್ಞೆ. ಹೆಸರು ಕೇಳಿದರೆ ಇದೇ ಮದ್ದು ಅನ್ನಿಸುತ್ತದೆ. ಅದು ಲ್ಯಾಟಿನ್1 ಎಂಬ ಮಾತನ್ನು ನಂಬಿ, ಪರದೆಯ ಮೇಲೆ ಕಂಡ ಆ ಕಸವನ್ನೇ ಯೂನಿಕೋಡ್‌ನಲ್ಲಿ ಶಾಶ್ವತವಾಗಿ ಬರೆದಿಡುತ್ತದೆ.

ಮೂರನೆಯದು ಕನ್ನಡಕ್ಕೇ ವಿಶೇಷವಾಗಿ ಅಪಾಯಕಾರಿ. ಡಂಪ್ ಕಡತವನ್ನೇ ಐಕಾನ್ವ್‌ನಂಥ, ಅಕ್ಷರ ಸಂಕೇತ ಬದಲಿಸುವ ಸಾಧನಕ್ಕೆ ಕೊಟ್ಟು, ವಿಂಡೋಸ್-1252 ಸಂಕೇತಕ್ಕೆ ಇಳಿಸಿ, ಬಂದ ಬೈಟ್‌ಗಳನ್ನು ಯುಟಿಎಫ್-8 ಎಂದು ಓದುವ ಉಪಾಯ. ಮೈಎಸ್‌ಕ್ಯೂಎಲ್ ಲ್ಯಾಟಿನ್1 ಎನ್ನುವುದು ಹೆಚ್ಚುಕಡಿಮೆ ವಿಂಡೋಸ್-1252 ಎಂಬುದು ನಿಜ. ಆದರೆ ವಿಂಡೋಸ್-1252ರಲ್ಲಿ ಐದು ಸ್ಥಾನಗಳು ಖಾಲಿ: 81, 8ಡಿ, 8ಎಫ್, 90 ಮತ್ತು 9ಡಿ. ಮೈಎಸ್‌ಕ್ಯೂಎಲ್ ಆ ಐದನ್ನೂ ತಾನೇ ತುಂಬಿಕೊಂಡಿದೆ, ಹೊರಗಿನ ಸಾಧನಗಳು ತುಂಬಿಕೊಂಡಿರುವುದಿಲ್ಲ. ಈಗ ಕನ್ನಡದ ಹಲಂತ ಚಿಹ್ನೆಯ ಮೂರು ಬೈಟ್‌ಗಳನ್ನು ನೋಡಿ: ಇ0, ಬಿ3, 8ಡಿ. ಏ ಕೊನೆಯಾಗುವುದು 8ಎಫ್‌ನಲ್ಲಿ, ಐ 90ರಲ್ಲಿ, ಝ 9ಡಿಯಲ್ಲಿ. ಏ, ಐ, ಝಗಳಿಲ್ಲದ ಪುಸ್ತಕದ ಹೆಸರು ಬೇಕಾದಷ್ಟು ಸಿಗಬಹುದು, ಒತ್ತಕ್ಷರವಿಲ್ಲದ್ದನ್ನು ಹುಡುಕಬೇಕು. ಸಾಧನ ಪ್ರಾಮಾಣಿಕವಾಗಿದ್ದರೆ ಮೊದಲ ಹಲಂತಕ್ಕೇ ನಿಂತುಬಿಡುತ್ತದೆ. ಉದಾರವಾಗಿದ್ದರೆ ಆ ಬೈಟನ್ನು ಕೈಬಿಟ್ಟು ಮುಂದೆ ಹೋಗುತ್ತದೆ, ಪಟ್ಟಿಯ ಒತ್ತಕ್ಷರಗಳೆಲ್ಲ ಹಾಳಾಗುತ್ತವೆ. ಆದ್ದರಿಂದ ಈ ದುರಸ್ತಿ ಡೇಟಾಬೇಸಿನ ಒಳಗೇ ನಡೆಯಬೇಕು.

ಮೈಎಸ್‌ಕ್ಯೂಎಲ್ ಕೈಪಿಡಿಯಲ್ಲೇ ಇರುವ ದಾರಿ ಎರಡು ಹೆಜ್ಜೆಯದು. ಕಾಲಮ್ಮನ್ನು ಮೊದಲು ಬೈನರಿ ಬಗೆಗೆ ಬದಲಿಸಬೇಕು. ಆಗ ಸರ್ವರ್ ‘ಇವು ಲ್ಯಾಟಿನ್ ಅಕ್ಷರಗಳು’ ಎಂಬ ನಂಬಿಕೆಯನ್ನು ಬಿಟ್ಟು ಬರೀ ಬೈಟ್‌ಗಳೆಂದು ತಿಳಿಯುತ್ತದೆ. ನಂತರ ಯುಟಿಎಫ್8ಎಂಬಿ4 ಪಠ್ಯವಾಗಿ ಬದಲಿಸಬೇಕು. ಬೈಟ್‌ಗಳು ಅಲುಗುವುದಿಲ್ಲ, ಅವುಗಳ ಮೇಲಿನ ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ಇದನ್ನು ಮಾಡುವ ಮೊದಲು ಎಲ್ಲ ಸಾಲುಗಳೂ ಸಿಂಧುವಾದ ಯುಟಿಎಫ್-8 ಆಗಿವೆಯೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಶೀರ್ಷಿಕೆಯನ್ನು ಬೈನರಿಯಾಗಿ ನೋಡಿ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ತಿರುಗಿಸಿ ತೋರಿಸು ಎಂದು ಕೇಳಿದರೆ, ಸರ್ವರ್ ತಪ್ಪು ಮೌಲ್ಯಗಳನ್ನು ಒಪ್ಪದ ಕಟ್ಟುನಿಟ್ಟಿನ ಮೋಡ್‌ನಲ್ಲಿದ್ದಾಗ, ಆಗದ ಸಾಲುಗಳಿಗೆ ‘ನಲ್’ (ಮೌಲ್ಯವೇ ಇಲ್ಲ) ಎಂಬ ಉತ್ತರ ಬರುತ್ತದೆ. ಒಂದೂ ಬರಲಾರದು ಎಂಬ ನಿರೀಕ್ಷೆಯಿತ್ತು. ಬಂದದ್ದು ಉದ್ದನೆಯ ಪಟ್ಟಿ.

ಅದರಲ್ಲಿ ಎರಡು ಜಾತಿಯ ಸಾಲುಗಳು ಬೆರೆತಿದ್ದವು. ಒಂದು ಜಾತಿಯಲ್ಲಿ ಸಿ0 ಎಂಬ ಬೈಟ್ ಹೆಜ್ಜೆಹೆಜ್ಜೆಗೂ ಕಾಣುತ್ತಿತ್ತು. ಸಿಂಧುವಾದ ಯುಟಿಎಫ್-8ರಲ್ಲಿ ಸಿ0 ಎಂದಿಗೂ ಬರುವುದಿಲ್ಲ, ಆ ಸಂಕೇತದ ನಿಯಮವೇ ಅದನ್ನು ಹೊರಗಿಟ್ಟಿದೆ. ಹಾಗಾದರೆ ಇದು ಯಾರ ಬೈಟ್? ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರು ನೆನಪಿಸಿಕೊಳ್ಳಲಿ: ಫಾಂಟ್ ತಪ್ಪಿದಾಗ ಪರದೆಯ ತುಂಬ ಓರೆಗೆರೆ ಹೊತ್ತ ದೊಡ್ಡ ಎ ಅಕ್ಷರಗಳು ಕಾಣುತ್ತಿದ್ದವು. ನುಡಿಯಲ್ಲಿ ತಲೆಕಟ್ಟಿಗೆ ಇದ್ದ ಸ್ಥಾನವೇ ಸಿ0. ಗ್ರಂಥಪಾಲಕಿಯನ್ನು ವಿಚಾರಿಸಿದಾಗ ಕಥೆ ಹೊರಬಂತು. ತಂತ್ರಾಂಶ ಬರುವುದಕ್ಕೂ ಮುಂಚೆ ನುಡಿಯಲ್ಲಿ ಟೈಪ್ ಮಾಡಿದ್ದ ಒಂದು ಎಕ್ಸೆಲ್ ಪಟ್ಟಿ ಇತ್ತಂತೆ. ಮೊದಲ ದಿನಗಳಲ್ಲಿ ಅದನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ) ಮಾಡಿ ತುಂಬಿಸಿದ್ದರು. ಆ ಪುಸ್ತಕಗಳ ಹೆಸರು ಹಳೆಯ ಪರದೆಯಲ್ಲೂ ಓದಲು ಬರುತ್ತಿರಲಿಲ್ಲ. “ಅವನ್ನು ನಾವು ನಂಬರಿನಿಂದಲೇ ಹುಡುಕುತ್ತಿದ್ದೆವು, ಅದು ಹಾಗೆಯೇ ಅಂತ ಅಂದುಕೊಂಡಿದ್ದೆವು” ಎಂದರು.

ಈ ಸಾಲುಗಳನ್ನು ಬೇರೆ ತೆಗೆದು ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಡಲಾಯಿತು. ಪರಿವರ್ತಿತ ಪಠ್ಯದಲ್ಲಿ ವಿಶೇಷವಾಗಿ ನೋಡಬೇಕಾದದ್ದು ಅರ್ಕಾವತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ‘ಧರ್ಮ’, ‘ಕರ್ನಾಟಕ’, ‘ಚರ್ಚೆ’ ಇರುವ ಹೆಸರುಗಳನ್ನೆಲ್ಲ ಕಣ್ಣಾಡಿಸಿ ನೋಡಿದ ಮೇಲೆ ಆ ಭಾಗ ಮುಗಿಯಿತು.

ಎರಡನೆಯ ಜಾತಿಯ ಸಾಲುಗಳು ಕೊನೆಯವರೆಗೂ ಚೆನ್ನಾಗಿದ್ದು ತುದಿಯಲ್ಲಿ ಮಾತ್ರ ಕೆಟ್ಟಿದ್ದವು: ಒಂಟಿ ಇ0, ಅಥವಾ ಇ0 ಮತ್ತು ಬಿ2, ಅಷ್ಟಕ್ಕೇ ನಿಂತಿದ್ದವು. ಮೂರು ಬೈಟ್‌ಗಳ ಅಕ್ಷರದ ನಡುವೆಯೇ ಕತ್ತರಿ ಬಿದ್ದಿತ್ತು. ಶೀರ್ಷಿಕೆಯ ಕಾಲಮ್ಮಿಗೆ ಕೊಟ್ಟಿದ್ದ ಉದ್ದ 100. ಕಟ್ಟಿದವರ ಮನಸ್ಸಿನಲ್ಲಿ ಅದು ನೂರು ಅಕ್ಷರ. ಲ್ಯಾಟಿನ್1 ಲೆಕ್ಕದಲ್ಲಿ ನೂರು ಬೈಟ್. ‘ಕನ್ನಡ ಸಾಹಿತ್ಯ ಚರಿತ್ರೆ’ ಎಂದು ಬರೆದರೆ ಓದುವವರ ಲೆಕ್ಕಕ್ಕೆ ಒಂಬತ್ತೇ ಅಕ್ಷರ. ಸ್ವರಚಿಹ್ನೆ, ಹಲಂತ, ಒತ್ತು ಒಂದೊಂದಕ್ಕೂ ಮೂರು ಬೈಟ್ ತೆತ್ತು, ಎರಡು ಖಾಲಿ ಜಾಗ ಸೇರಿಸಿದರೆ 59 ಬೈಟ್. ಇದೇ ದರದಲ್ಲಿ ಹದಿನೈದು ಅಕ್ಷರದ ಆಚೀಚೆ ಜಾಗ ಮುಗಿಯುತ್ತದೆ. ಉಪಶೀರ್ಷಿಕೆಯಿದ್ದ ಪುಸ್ತಕಗಳೆಲ್ಲ ಸೇರಿಸಿದ ದಿನವೇ ತುಂಡಾಗಿದ್ದವು. ಮೈಎಸ್‌ಕ್ಯೂಎಲ್ 5.5 ತನ್ನ ಮೂಲ ಸ್ಥಿತಿಯಲ್ಲಿ ಉದ್ದ ಮೀರಿದ್ದನ್ನು ಕತ್ತರಿಸಿ, ಯಾರೂ ನೋಡದ ಒಂದು ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. ನಿರಾಕರಿಸುವ ಕಟ್ಟುನಿಟ್ಟಿನ ಮೋಡ್ 5.7ರಲ್ಲಿ ರೂಢಿಯ ಸ್ಥಿತಿಯಾಯಿತು.

ಕೆಟ್ಟ ತುದಿಯ ಸಾಲುಗಳನ್ನು ಮಾತ್ರ ಹಿಡಿದರೆ ಸಾಲದು. ಕತ್ತರಿ ಎರಡು ಅಕ್ಷರಗಳ ನಡುವೆ ಸರಿಯಾಗಿ ಬಿದ್ದಿದ್ದರೆ ಆ ಸಾಲು ಸಿಂಧುವೇ, ಹೆಸರು ಮಾತ್ರ ಅರ್ಧ. ಕತ್ತರಿಸಿದ ಸಾಲುಗಳ ಉದ್ದ ತಪ್ಪದೆ 100 ಬೈಟ್ ಇರುತ್ತದೆಯಾದ್ದರಿಂದ ಆ ಉದ್ದದ ಸಾಲುಗಳನ್ನೆಲ್ಲ ಗುರುತು ಹಾಕಿಕೊಂಡೆವು. ಅವುಗಳ ಪೂರ್ಣ ಹೆಸರು ಯಾವ ಬ್ಯಾಕಪ್‌ನಲ್ಲೂ ಇಲ್ಲ. ಇದ್ದದ್ದು ಪುಸ್ತಕಗಳು ಬಂದಂತೆ ದಾಖಲಿಸುವ, ಕೈಬರಹದ ಅಕ್ಸೆಷನ್ ರಿಜಿಸ್ಟರಿನಲ್ಲಿ. ಗ್ರಂಥಪಾಲಕಿ ಮತ್ತು ಅವರ ಸಹಾಯಕ ಅದನ್ನು ಮುಂದಿಟ್ಟುಕೊಂಡು ಹೆಸರುಗಳನ್ನು ಪೂರ್ತಿ ಮಾಡತೊಡಗಿದರು.

ತುಂಡಾದ ತುದಿಗಳನ್ನು ಸವರಿ ಎರಡು ಹೆಜ್ಜೆಯ ಬದಲಾವಣೆ ಮಾಡುವ ಮುನ್ನ, ಮೂಲ ಬೈಟ್‌ಗಳನ್ನು ನಕಲು ಮಾಡಿಡಲು ಪಕ್ಕದಲ್ಲಿ ಒಂದು ಬೈನರಿ ಕಾಲಮ್ಮನ್ನು ಸೇರಿಸಲು ಹೊರಟಾಗಲೇ ಸರ್ವರ್ ತಡೆಯಿತು. ದೋಷ 1067: ಪುಸ್ತಕ ಸೇರಿದ ದಿನಾಂಕದ ಕಾಲಮ್ಮಿಗೆ ರೂಢಿಯ ಮೌಲ್ಯವಾಗಿ ಕೊಟ್ಟಿದ್ದ, ಎಲ್ಲ ಅಂಕಿಯೂ ಸೊನ್ನೆಯಾದ ದಿನಾಂಕ ಸಿಂಧುವಲ್ಲ ಎಂಬ ತಕರಾರು. ಶೀರ್ಷಿಕೆಗೂ ದಿನಾಂಕಕ್ಕೂ ಏನು ಸಂಬಂಧ? ಟೇಬಲನ್ನು ಬದಲಿಸುವಾಗ ಸರ್ವರ್ ಅದರ ಇಡೀ ರಚನೆಯನ್ನು ಹೊಸದಾಗಿ ಪರಿಶೀಲಿಸುತ್ತದೆ. ಇದಕ್ಕಿಂತ ಕುತೂಹಲದ ಪ್ರಶ್ನೆ ಬೇರೆಯಿದೆ: ಆಮದಿನ ಹೊತ್ತಿನಲ್ಲಿ ಇದೇ ಸೊನ್ನೆ ದಿನಾಂಕ ಸದ್ದಿಲ್ಲದೆ ಒಳಗೆ ಬಂದದ್ದು ಹೇಗೆ? ಉತ್ತರ ಡಂಪ್ ಕಡತದ ತಲೆಯಲ್ಲಿತ್ತು. ಮೈಎಸ್‌ಕ್ಯೂಎಲ್‌ಡಂಪ್ ಪ್ರತಿ ಕಡತದ ಆರಂಭದಲ್ಲೂ ಆ ಸಂಪರ್ಕದ ಮಟ್ಟಿಗೆ ಎಸ್‌ಕ್ಯೂಎಲ್ ಮೋಡನ್ನು ಬದಲಿಸಿ, ಕಟ್ಟುನಿಟ್ಟಿನ ನಿಯಮಗಳನ್ನು ಆಚೆಗಿಡುತ್ತದೆ. ಒಂದು ಟೇಬಲ್ ಹೇಳುವ ಸಾಲು ಇನ್ನೊಂದರಲ್ಲಿ ಇರಲೇಬೇಕೆಂಬ ನಿಯಮಗಳ, ಅಂದರೆ ವಿದೇಶಿ ಕೀಲಿಗಳ, ಪರಿಶೀಲನೆಯನ್ನೂ ಹಾಗೆಯೇ ನಿಲ್ಲಿಸುತ್ತದೆ. ಟೇಬಲ್‌ಗಳು ಯಾವ ಕ್ರಮದಲ್ಲಿ ಬಂದರೂ ಆಮದು ನಡೆಯಬೇಕಲ್ಲ, ಅದಕ್ಕಾಗಿ ಈ ಏರ್ಪಾಡು. ಸಮಂಜಸವೇ. ಆದರೆ ಕೊನೆಯಲ್ಲಿ ಪರಿಶೀಲನೆಯನ್ನು ಮತ್ತೆ ಶುರು ಮಾಡಿದಾಗ, ಅಷ್ಟರಲ್ಲಿ ಒಳಬಂದ ಸಾಲುಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ‘ದೋಷವಿಲ್ಲದೆ ಮುಗಿಯಿತು’ ಎಂಬ ಮಾತಿಗೆ ಇರುವ ಬೆಲೆ ಇಷ್ಟೇ: ಬಾಗಿಲಲ್ಲಿ ಕಾವಲುಗಾರನೇ ಇರಲಿಲ್ಲ.

ಸೊನ್ನೆ ದಿನಾಂಕವನ್ನು ತೆಗೆಯುವುದು ತಾಂತ್ರಿಕವಾಗಿ ಸುಲಭ. ಆ ಸಂಪರ್ಕದಲ್ಲಿ ಮೋಡನ್ನು ಸಡಿಲಿಸಿ, ಕಾಲಮ್ಮಿಗೆ ‘ನಲ್’ ಇರಲು ಅವಕಾಶ ಕೊಟ್ಟು, ಸೊನ್ನೆಗಳನ್ನು ನಲ್ ಮಾಡಿದರೆ ಆಯಿತು. ಎರವಲಿನ ಟೇಬಲ್‌ನಲ್ಲಿ ಮಾತ್ರ ನಿಧಾನಿಸಬೇಕಾಯಿತು. ಅಲ್ಲಿ ವಾಪಸಾತಿ ದಿನಾಂಕ ಸೊನ್ನೆ ಎಂದರೆ ‘ಪುಸ್ತಕ ಇನ್ನೂ ಹಿಂದಿರುಗಿಲ್ಲ’ ಎಂದೇ ಅರ್ಥ. ತಂತ್ರಾಂಶದಲ್ಲಿ ಸೊನ್ನೆಯೊಂದಿಗೆ ಹೋಲಿಸುತ್ತಿದ್ದ ಪ್ರತಿ ಜಾಗವನ್ನೂ ಹುಡುಕಿ ಬದಲಿಸದೆ ಡೇಟಾವನ್ನಷ್ಟೇ ಬದಲಿಸಿದ್ದರೆ, ಮರುದಿನ ಬೆಳಿಗ್ಗೆ ಊರಿನ ಯಾರ ಮನೆಯಲ್ಲೂ ಗ್ರಂಥಾಲಯದ ಪುಸ್ತಕ ಇಲ್ಲವೆಂದು ಕಂಪ್ಯೂಟರ್ ಹೇಳುತ್ತಿತ್ತು.

ಇನ್ನೊಂದು ತೊಡಕು ಕ್ರಮದ್ದು. ಟೇಬಲ್‌ಗಳೆಲ್ಲ ಮೈಐಸ್ಯಾಮ್ ಎಂಬ ಹಳೆಯ ಸಂಗ್ರಹ ಬಗೆಯವು. ಶೀರ್ಷಿಕೆಯ ಉದ್ದವನ್ನು 255ಕ್ಕೆ ಏರಿಸಿ ಯುಟಿಎಫ್8ಎಂಬಿ4 ಮಾಡಿದರೆ ಬೇಗ ಹುಡುಕಲು ನೆರವಾಗುವ ಇಂಡೆಕ್ಸಿಗೆ ಗರಿಷ್ಠ 1020 ಬೈಟ್ ಬೇಕು, ಮೈಐಸ್ಯಾಮ್ ಕೊಡುವುದು 1000. ಮೊದಲು ಇನ್ನೋಡಿಬಿಗೆ ಬದಲಿಸಿದರೆ 8.0ರಲ್ಲಿ ಮಿತಿ 3072ಕ್ಕೆ ಏರುತ್ತದೆ. ಹಾಗೆ ಬದಲಿಸಿ, ಎರವಲಿಗೂ ಸದಸ್ಯರಿಗೂ ನಡುವೆ ವಿದೇಶಿ ಕೀಲಿ ಹಾಕಲು ಹೋದಾಗ 1452ನೇ ದೋಷ: ಇಲ್ಲದ ಸದಸ್ಯರ ಹೆಸರಿನಲ್ಲಿ ಎರವಲುಗಳಿದ್ದವು. ಮೈಐಸ್ಯಾಮ್ ವಿದೇಶಿ ಕೀಲಿಯನ್ನು ಜಾರಿ ಮಾಡುವುದೇ ಇಲ್ಲ, ಸದಸ್ಯರನ್ನು ಅಳಿಸಿದಾಗ ಅವರ ಎರವಲುಗಳು ಅನಾಥವಾಗಿ ಉಳಿದಿದ್ದವು. ಅವನ್ನು ಅಳಿಸದೆ ಬೇರೊಂದು ಟೇಬಲ್‌ಗೆ ಸರಿಸಲಾಯಿತು. ಅವುಗಳಲ್ಲಿ ಕೆಲವು ಇನ್ನೂ ಹಿಂದಿರುಗದ ಪುಸ್ತಕಗಳವು, ಟ್ರಸ್ಟ್ ಅವನ್ನು ನೋಡಬೇಕಿತ್ತು.

ತಿಂಗಳ ಕೊನೆಗೆ ದಂಡದ ಲೆಕ್ಕ ತೆಗೆಯಲು ಹೋದಾಗ ಮತ್ತೊಂದು ಕೊರತೆ ತಿಳಿಯಿತು. ದಂಡ ಲೆಕ್ಕ ಹಾಕುವ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಉಳಿಸಿಟ್ಟ ಸಣ್ಣ ಪ್ರೋಗ್ರಾಂ) ಡಂಪ್‌ನಲ್ಲೇ ಇರಲಿಲ್ಲ. ಸಾಲು ಬದಲಾದಾಗ ತಾವಾಗಿ ಓಡುವ ಟ್ರಿಗರ್‌ಗಳನ್ನು ಮೈಎಸ್‌ಕ್ಯೂಎಲ್‌ಡಂಪ್ ಕೇಳದೆಯೇ ಕೊಡುತ್ತದೆ. ಪ್ರೊಸೀಜರ್‌ಗಳನ್ನೂ ನಿಗದಿತ ಈವೆಂಟ್‌ಗಳನ್ನೂ ಬೇರೆಯಾಗಿ ಕೇಳಿದರೆ ಮಾತ್ರ ಕೊಡುತ್ತದೆ. ಅದೃಷ್ಟಕ್ಕೆ ಹಳೆಯ ಸರ್ವರ್ ಆ ಹೊತ್ತಿಗೆ ಇನ್ನೂ ಉಸಿರಾಡುತ್ತಿತ್ತು. ಓದುಗರ ಗುಂಪುಗಳ ಟೇಬಲ್‌ಗೆ ‘ಗ್ರೂಪ್ಸ್’ ಎಂಬ ಹೆಸರಿತ್ತು, 8.0ರಲ್ಲಿ ಅದು ಕಾಯ್ದಿರಿಸಿದ ಪದ, ಬ್ಯಾಕ್‌ಟಿಕ್ ಎಂಬ ಉದ್ಧರಣ ಚಿಹ್ನೆಯೊಳಗೆ ಇಡದೆ ಹೆಸರಾಗಿ ಬಳಸುವಂತಿಲ್ಲ. ಡಂಪ್ ಹೆಸರುಗಳಿಗೆಲ್ಲ ಬ್ಯಾಕ್‌ಟಿಕ್ ಹಾಕುವುದರಿಂದ ಆಮದಿಗೆ ತೊಂದರೆಯಾಗಲಿಲ್ಲ, ತಂತ್ರಾಂಶದ ಪ್ರಶ್ನೆಗಳಲ್ಲಿ ಬ್ಯಾಕ್‌ಟಿಕ್ ಇರಲಿಲ್ಲ. ಅದು ಅರ್ಧ ಗಂಟೆಯ ಕೆಲಸ.

ಈಗ ಪಟ್ಟಿ ಹೊಸ ಸರ್ವರಿನಲ್ಲಿ ನಡೆಯುತ್ತಿದೆ. ಮಾಸಿಕ ಬ್ಯಾಕಪ್ ಆಜ್ಞೆಗೆ ಪ್ರೊಸೀಜರ್ ಮತ್ತು ಈವೆಂಟ್‌ಗಳ ಆಯ್ಕೆಗಳು ಸೇರಿವೆ. ಬ್ಯಾಕಪ್ ತೆಗೆದ ದಿನವೇ ಅದನ್ನು ಖಾಲಿ ಡೇಟಾಬೇಸಿಗೆ ಆಮದು ಮಾಡಿ, ಕಟ್ಟುನಿಟ್ಟಿನ ಮೋಡ್‌ನಲ್ಲಿ ನಾಲ್ಕು ಪ್ರಶ್ನೆ ಕೇಳುವ ಒಂದು ಸ್ಕ್ರಿಪ್ಟ್ ಇದೆ: ಎಣಿಕೆ ತಾಳೆಯಾಗುತ್ತದೆಯೇ, ಅನಾಥ ಎರವಲುಗಳಿವೆಯೇ, ದಂಡದ ಪ್ರೊಸೀಜರ್ ಓಡುತ್ತದೆಯೇ, ‘ಕನ್ನಡ’ ಎಂದು ಹುಡುಕಿದರೆ ಪುಸ್ತಕಗಳು ಸಿಗುತ್ತವೆಯೇ. ಮೂಲ ಬೈಟ್‌ಗಳ ಕಾಲಮ್ಮನ್ನು ಇನ್ನೂ ತೆಗೆದಿಲ್ಲ, ರಿಜಿಸ್ಟರ್ ನೋಡಿ ಹೆಸರು ತುಂಬಿಸುವ ಕೆಲಸ ಮುಗಿಯುವವರೆಗೆ ಅದು ಇರುತ್ತದೆ. ರಿಜಿಸ್ಟರಿನಲ್ಲೂ ಹೆಸರನ್ನು ಚುಟುಕಾಗಿಸಿ ಬರೆದ ಕಡೆ ಕಪಾಟಿನಿಂದ ಪುಸ್ತಕವನ್ನೇ ತೆಗೆದು ನೋಡಬೇಕು. ಅಂಥ ಸಾಲುಗಳಿಗೆ ಬೇರೆ ಗುರುತಿದೆ, ಎರವಲು ಹೋದ ಪುಸ್ತಕ ಕೌಂಟರಿಗೆ ಬಂದಾಗ ಪರದೆಯ ಮೇಲೆ ‘ಶೀರ್ಷಿಕೆ ಪರಿಶೀಲಿಸಿ’ ಎಂದು ಬರುತ್ತದೆ.